ಬರೇ ಚಾ ಕುಡದೇನ್ರಿ

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಉದ್ಯಮಬಾಗ, ಪೀರನವಾಡಿ ದಾಟಿದ ಮೇಲೆ ಮಚ್ಛೆ ಸಿಗುತ್ತದೆ. ಹೊರಗಿನವರಿಗೆ ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿಳಾಸ. ಅಲ್ಲೇ ಇರುವವರಿಗೆ ಅದು ಕೈಗಾರಿಕಾ ವಸಾಹತು, ಫೌಂಡ್ರಿ, ಲೇಥು, ಪಾಳಿ ಕೆಲಸ. ಅನೇಕ ಮನೆಗಳಲ್ಲಿ ಮಗ ಕಾರ್ಖಾನೆಗೆ ಹೋಗುತ್ತಾನೆ, ಅಪ್ಪ ಇನ್ನೂ ಭತ್ತ, ಗೆಣಸು ಬೆಳೆಯುತ್ತಾನೆ. ಅರವಳಿಕೆ ತಜ್ಞೆಯಾದ ನನ್ನ ಮುಂದಿನ ಕುರ್ಚಿಗೆ ಬಂದು ಕೂರುವವರು ಹೆಚ್ಚಾಗಿ ಇಂಥ ಮನೆಗಳವರು. ಭಾರ ಎತ್ತಿ ಎತ್ತಿ ಹರ್ನಿಯಾ ಆದವರು, ನಿಂತು ನಿಂತು ಕಾಲಿನ ನರ ಉಬ್ಬಿದವರು, ಮೂಲವ್ಯಾಧಿಯನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ ನುಂಗಿಕೊಂಡವರು, ಗರ್ಭಚೀಲ ಸ್ವಚ್ಛ ಮಾಡಿಸಬೇಕಾದ ಹೆಣ್ಣುಮಕ್ಕಳು. ಬೆಳಿಗ್ಗೆ ಬಂದು, ಆಪರೇಷನ್ ಮಾಡಿಸಿಕೊಂಡು, ಸಂಜೆಗೆ ಮನೆ ಸೇರುವವರು.

ಇವರೆಲ್ಲರ ಬಾಯಲ್ಲೂ ಒಂದೇ ಮಾತು: "ಸಣ್ಣ ಆಪರೇಷನ್ ಐತ್ರಿ." ಮಾತು ಸುಳ್ಳಲ್ಲ. ಸರ್ಜನ್ ಹಾಕುವ ಗಾಯ ಸಣ್ಣದೇ. ಆದರೆ ಎಚ್ಚರ ತಪ್ಪಿಸುವ ಔಷಧಕ್ಕೆ ಗಾಯದ ಅಳತೆ ಗೊತ್ತಿರುವುದಿಲ್ಲ. ಹತ್ತು ನಿಮಿಷದ ಕೆಲಸಕ್ಕೂ ಮೂರು ಗಂಟೆಯ ಕೆಲಸಕ್ಕೂ ಅದು ಉಸಿರನ್ನು ತಗ್ಗಿಸುವುದು ಒಂದೇ ರೀತಿ, ರಕ್ತದೊತ್ತಡವನ್ನು ಇಳಿಸುವುದು ಒಂದೇ ರೀತಿ. ವ್ಯತ್ಯಾಸ ಇರುವುದು ಇನ್ನೊಂದು ಕಡೆ. ದೊಡ್ಡ ಆಪರೇಷನ್ ಆದವರು ರಾತ್ರಿಯಿಡೀ ನರ್ಸ್ ಕಣ್ಣೆದುರು ಮಲಗಿರುತ್ತಾರೆ. ಸಣ್ಣ ಆಪರೇಷನ್ ಆದವರು ಅದೇ ರಾತ್ರಿ ಮನೆಯಲ್ಲಿ, ನಾವು ಯಾರೂ ಇಲ್ಲದ ಕಡೆ ಇರುತ್ತಾರೆ. ಹಾಗಾಗಿ ಅವರನ್ನು ಮೊದಲೇ ನೋಡುವುದು ಇನ್ನೂ ಮುಖ್ಯವಾಗುತ್ತದೆ.

ಸರ್ಜನ್ ಚೀಟಿಯ ಮೇಲೆ 'ಫಿಟ್‌ನೆಸ್' ಎಂದು ಬರೆದು ನಮ್ಮ ಕಡೆ ಕಳಿಸುತ್ತಾರೆ. ರೇಷನ್ ಕಾರ್ಡಿನ ಝೆರಾಕ್ಸ್ ಮೇಲೆ ಯಾರೋ ಅಧಿಕಾರಿಯ ಸಹಿ ಹಾಕಿಸಿದಂತೆ, ಇದೂ ಒಂದು ಸಹಿ ಎಂದುಕೊಂಡು ಜನ ಬರುತ್ತಾರೆ. ರಕ್ತ, ಮೂತ್ರ, ಇಸಿಜಿ, ಎದೆಯ ಎಕ್ಸ್‌ರೇ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟು, ಪೆನ್ನಿನ ಕಡೆ ನೋಡುತ್ತಾರೆ. ನಾನು ಚೀಲವನ್ನು ಪಕ್ಕಕ್ಕೆ ಸರಿಸಿ "ಕಾಕಾ, ಜಿನಾ ಹತ್ತಿದ್ರ ದಮ್ಮು ಬರ್ತೈತೇನ್ರಿ?" ಎಂದು ಕೇಳಿದರೆ, ಇವರಿಗೆ ರಿಪೋರ್ಟ್ ಓದಲು ಬರುವುದಿಲ್ಲವೇನೋ ಎಂಬ ಅನುಮಾನ ಕೆಲವರ ಮುಖದಲ್ಲಿ ಕಾಣುತ್ತದೆ. ಆ ಪ್ರಶ್ನೆಯೇ ಪರೀಕ್ಷೆ ಎಂಬುದನ್ನು ಹೇಳಲಿಕ್ಕೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ಮೊದಲು ಒಂದು ಹಳೆಯ ಪ್ರಸಂಗ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಕ್ರಿಯೆಯನ್ನು ಜನರೆದುರು ಮಾಡಿ ತೋರಿಸಿದರು. ಮರುವರ್ಷ ಕ್ಲೋರೋಫಾರ್ಮ್ ಬಂತು. ಅದಾಗಿ ಕೆಲವೇ ತಿಂಗಳು, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರದ ಹಳ್ಳಿಯೊಂದರಲ್ಲಿ ಹಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿಗೆ ಕಾಲುಬೆರಳಿನ ಉಗುರು ತೆಗೆಯಬೇಕಿತ್ತು. ಆಸ್ಪತ್ರೆಯಲ್ಲಿ ಅಲ್ಲ, ಮನೆಯಲ್ಲೇ. ಇದಕ್ಕಿಂತ ಸಣ್ಣ ಆಪರೇಷನ್ ಯಾವುದಿದೆ? ಬಟ್ಟೆಯ ಮೇಲೆ ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದರು. ಕೆಲವೇ ನಿಮಿಷಗಳಲ್ಲಿ ಹುಡುಗಿ ತೀರಿಕೊಂಡಳು. ಅರವಳಿಕೆಯಿಂದ ಆದ ಸಾವುಗಳ ಚರಿತ್ರೆ ಶುರುವಾಗುವುದೇ ಈ ಉಗುರಿನಿಂದ. ಯಾಕೆ ಸತ್ತಳು ಎಂಬುದರ ಬಗ್ಗೆ ದೊಡ್ಡವರೇ ಜಗಳಾಡಿದರು. ಹೃದಯ ನಿಂತಿತು ಎಂದರು ಜಾನ್ ಸ್ನೋ. ಎಚ್ಚರಿಸಲು ಬಾಯಿಗೆ ಹಾಕಿದ ನೀರು, ಬ್ರಾಂದಿಯೇ ಉಸಿರುಗಟ್ಟಿಸಿತು ಎಂದರು ಕ್ಲೋರೋಫಾರ್ಮ್ ತಂದ ಸಿಂಪ್ಸನ್. ಒಂದು ಸಂಗತಿ ಮಾತ್ರ ದಾಖಲೆಯಲ್ಲಿ ಉಳಿದಿದೆ: ಹುಡುಗಿ ಬಹಳ ಹೆದರಿದ್ದಳು, ಅಳುತ್ತಿದ್ದಳು.

ಆ ಜಗಳ ನಮ್ಮ ಕಡೆಗೂ ಬಂತು. ಕಲಬುರಗಿ, ರಾಯಚೂರು, ಬೀದರಗಳೂ ಸೇರಿದ್ದ ನಿಜಾಮರ ರಾಜ್ಯದಲ್ಲಿ ಎಡ್ವರ್ಡ್ ಲಾರಿ ಎಂಬ ಸರ್ಜನ್ ಇದ್ದರು. ಕ್ಲೋರೋಫಾರ್ಮ್‌ನಿಂದ ಮೊದಲು ನಿಲ್ಲುವುದು ಉಸಿರೇ ಹೊರತು ಹೃದಯವಲ್ಲ, ಉಸಿರು ನೋಡಿಕೊಂಡರೆ ಸಾಕು ಎಂಬುದು ಅವರ ಹಟ. ನಿಜಾಮರ ದುಡ್ಡಿನಲ್ಲಿ 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಆಯೋಗ ಹೈದರಾಬಾದಿನಲ್ಲಿ ಕೂತು ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಅವರ ಮಾತನ್ನೇ ಎತ್ತಿಹಿಡಿಯಿತು. ಉಸಿರಿನ ಮೇಲೆ ಕಣ್ಣಿಡಿ ಎಂಬುದು ಒಳ್ಳೆಯ ಮಾತು. ಹೃದಯವನ್ನು ಬಿಟ್ಟುಬಿಡಿ ಎಂಬುದು ತಪ್ಪು ಮಾತು. 1911ರಲ್ಲಿ ಲಂಡನ್ನಿನ ಲೆವಿ ಎಂಬ ವೈದ್ಯರು ಅದನ್ನು ತೋರಿಸಿದರು. ಅರೆಬರೆ ಕ್ಲೋರೋಫಾರ್ಮ್ ಕೊಟ್ಟ ಸ್ಥಿತಿಯಲ್ಲಿ, ಹೆದರಿದಾಗ ಮೈಯೊಳಗೆ ಹರಿಯುವ ಅಡ್ರಿನಲಿನ್ ಸೇರಿದರೆ ಹೃದಯದ ಬಡಿತ ದಿಕ್ಕುತಪ್ಪಿ ನಿಂತುಹೋಗಬಲ್ಲದು. ಅಂದರೆ ಹಾನಾಳ ಹೆದರಿಕೆ ಬರೀ ಮನಸ್ಸಿನ ವಿಷಯ ಆಗಿರಲಿಕ್ಕಿಲ್ಲ.

ಈಗ ಯಾರೂ ಕ್ಲೋರೋಫಾರ್ಮ್ ಮುಟ್ಟುವುದಿಲ್ಲ. ಹೆದರಿಕೆ ಮಾತ್ರ ಹಾಗೇ ಇದೆ. ಈಥರ್ ಪ್ರದರ್ಶನ ನಡೆದ ಅದೇ ಬಾಸ್ಟನ್ ಆಸ್ಪತ್ರೆಯ ವೈದ್ಯರು 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಪರೇಷನ್ನಿಗೆ ಮುಂಚೆ ಅರವಳಿಕೆ ವೈದ್ಯರು ಹೋಗಿ ಕೂತು ಮಾತಾಡಿಸಿದ ರೋಗಿಗಳು, ನಿದ್ದೆ ಬರಿಸುವ ಮದ್ದು ಮಾತ್ರ ಪಡೆದವರಿಗಿಂತ ಸಮಾಧಾನವಾಗಿದ್ದರಂತೆ. ನಮ್ಮೂರಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು: ಆ ಮಾತು ಅವರ ಮನೆಮಾತಿನಲ್ಲಿ ಇರಬೇಕು. ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಒಂದೇ ಬೆಂಚಿನ ಮೇಲೆ ಕೂತಿರುವ ಊರು ಇದು. ಹಿಂದಿಯಲ್ಲಿ ಕೇಳಿದರೆ "ಕುಛ್ ನಹೀಂ" ಎನ್ನುವ ಮಾವಶಿ, ಮರಾಠಿಯಲ್ಲಿ ಕೇಳಿದಾಗ ಎರಡು ವರ್ಷದ ಹಿಂದಿನ ಫಿಟ್ಸಿನ ಕಥೆಯನ್ನು ಪೂರ್ತಿ ಹೇಳುತ್ತಾಳೆ.

ಸರಿ, ನಾವು ಏನೇನು ಕೇಳುತ್ತೇವೆ?

ಜಿನಾ, ಅಂದರೆ ಮೆಟ್ಟಿಲು, ಹತ್ತುವ ಪ್ರಶ್ನೆ ಹೃದಯದ್ದು. ಒಂದೆರಡು ಮಹಡಿ ನಿಲ್ಲದೆ ಹತ್ತುವ ಮನುಷ್ಯನ ಹೃದಯ ಸಾಮಾನ್ಯ ಅರವಳಿಕೆಯ ಹೊರೆ ತಡೆಯುತ್ತದೆ ಎಂಬುದು ನಮ್ಮ ಒರಟು ಲೆಕ್ಕ. ಜಿನಾ ಇಲ್ಲದ ಮನೆಯವರಿಗೆ ಯಳ್ಳೂರಿನ ರಾಜಹಂಸಗಡ ಇದೆಯಲ್ಲ. "ಗಡಾ ಹತ್ತಿದ್ರೇನ್ರಿ ಈ ವರ್ಷ? ನಡುವ ಎಷ್ಟ್ ಸಲ ಕುಂತ್ರಿ?" ಇಸಿಜಿಯ ಗೆರೆಗಿಂತ ಈ ಉತ್ತರ ನನಗೆ ಹೆಚ್ಚು ಹೇಳುತ್ತದೆ. ಮಲಗಿದ್ದಾಗ ತೆಗೆದ ಇಸಿಜಿ ಮಲಗಿದ ಹೃದಯದ ಕಥೆ ಮಾತ್ರ ಹೇಳುತ್ತದೆ.

ಆಮೇಲೆ ಬಾಯಿ ತೆರೆಯಲು ಹೇಳುತ್ತೇವೆ. ನಾಲಿಗೆ ಹೊರಗೆ ಹಾಕಿ, ಶಬ್ದ ಮಾಡಬೇಡಿ ಎನ್ನುತ್ತೇವೆ. ಗಂಟಲಲ್ಲಿ ಕಿರುನಾಲಿಗೆ ಪೂರ್ತಿ ಕಾಣುತ್ತದೆಯೋ, ಅರ್ಧ ಕಾಣುತ್ತದೆಯೋ, ನಾಲಿಗೆಯೇ ಎಲ್ಲವನ್ನೂ ಮುಚ್ಚಿದೆಯೋ ಎಂದು ನೋಡುತ್ತೇವೆ. ಜಗತ್ತಿನ ಯಾವ ಮೂಲೆಗೆ ಹೋದರೂ ಅರವಳಿಕೆಯವರು ಈ ಪರೀಕ್ಷೆಯನ್ನು 'ಮಲ್ಲಂಪಾಟಿ' ಎಂದೇ ಕರೆಯುತ್ತಾರೆ. ಆಂಧ್ರದಲ್ಲಿ ಹುಟ್ಟಿ ಬಾಸ್ಟನ್‌ನಲ್ಲಿ ಕೆಲಸ ಮಾಡಿದ ಶೇಷಗಿರಿ ರಾವ್ ಮಲ್ಲಂಪಾಟಿ 210 ರೋಗಿಗಳ ಬಾಯಿ ನೋಡಿ 1985ರಲ್ಲಿ ಬರೆದ ಲೇಖನದ ಫಲ ಅದು. ಖರ್ಚು ಒಂದು ಪೈಸೆ ಇಲ್ಲ. ಬೇಕಾದದ್ದು ಒಂದು ಟಾರ್ಚು.

ಬೆಳಗಾವಿ ಭಾಗದಲ್ಲಿ ಬಾಯಿ ತೆರೆಯುವುದೇ ಒಂದು ಸಮಸ್ಯೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಲು ಬರಬೇಕು. ಗುಟ್ಕಾ, ಮಾವಾ ಹಾಕಿ ಹಾಕಿ ಕೆನ್ನೆಯ ಒಳಭಾಗ ಗಟ್ಟಿಯಾದವರಿಗೆ ಎರಡು ಬೆರಳೂ ಹೋಗುವುದಿಲ್ಲ, ಕೆಲವರಿಗೆ ಒಂದೂ ಹೋಗುವುದಿಲ್ಲ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂಗಡಿಯಲ್ಲಿ ಈಗ ಅದು ಎರಡು ಪುಡಿಕೆಯಾಗಿ ಸಿಗುತ್ತದೆ, ಬಾಯಲ್ಲಿ ಮತ್ತೆ ಒಂದಾಗುತ್ತದೆ. ಇಪ್ಪತ್ತೈದರ ಹುಡುಗ, ಲೇಥ್ ಮೇಲೆ ಕೆಲಸ, ಬಿಪಿ ಇಲ್ಲ, ಶುಗರ್ ಇಲ್ಲ, ರಿಪೋರ್ಟುಗಳೆಲ್ಲ ಸ್ವಚ್ಛ. ಆದರೆ ಎಚ್ಚರ ತಪ್ಪಿದ ಮೇಲೆ ಅವನ ಗಂಟಲಿಗೆ ಉಸಿರಿನ ನಳಿಕೆ ಇಳಿಸಲು ನನಗೆ ದಾರಿಯೇ ಇಲ್ಲ. ಇದು ಮೊದಲೇ ಗೊತ್ತಾದರೆ ಮೂಗಿನ ಮೂಲಕ ಕ್ಯಾಮೆರಾ ಇರುವ ನಳಿಕೆ ಹಾಕುವ ಅನುಕೂಲ ಇರುವ ಕಡೆ ಕಳಿಸಬಹುದು, ಅಥವಾ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಲಸ ಮುಗಿಸಬಹುದು. ಟೇಬಲ್ ಮೇಲೆ ಮಲಗಿಸಿದ ಮೇಲೆ ಗೊತ್ತಾದರೆ? ಹೆಣ್ಣುಮಕ್ಕಳನ್ನು "ತಂಬಾಕು ತಿಂತೀರೇನು" ಎಂದರೆ ಇಲ್ಲ ಎನ್ನುತ್ತಾರೆ. "ಮಿಶ್ರಿ ಹಚ್ತೀರೇನ್ ಯವ್ವಾ" ಎಂದು ಕೇಳಬೇಕು. ಹುರಿದ ತಂಬಾಕಿನ ಪುಡಿಯನ್ನು ಹಲ್ಲಿಗೆ ಉಜ್ಜುವುದು ಅವರ ಲೆಕ್ಕದಲ್ಲಿ ತಂಬಾಕು ಅಲ್ಲ, ಹಲ್ಲುಜ್ಜುವುದು.

ಫೌಂಡ್ರಿಯವರಿಗೆ ಇನ್ನೊಂದು ಪ್ರಶ್ನೆ: ಎಷ್ಟು ವರ್ಷದಿಂದ ಮರಳಿನ ಕೆಲಸ? ಎರಕದ ಮರಳಿನ ಸಣ್ಣ ಧೂಳು ಪುಪ್ಪುಸದೊಳಗೆ ಕೂತರೆ ಹೊರಬರುವುದಿಲ್ಲ. ಇವರಿಗೆ ಎಕ್ಸ್‌ರೇ ನಿಜಕ್ಕೂ ಬೇಕು. ಬೀಡಿಯೂ ಇದ್ದರೆ, "ಆಪರೇಷನ್ ದಿವಸಾನರ ಬಿಡ್ರಿ" ಎಂದು ಕೈಮುಗಿಯುತ್ತೇನೆ. ಎರಡು ತಿಂಗಳ ಮೊದಲೇ ಬಿಟ್ಟರೆ ಪುಪ್ಪುಸಕ್ಕೆ ಒಳ್ಳೆಯದು. ಒಂದು ದಿನ ಬಿಟ್ಟರೂ ರಕ್ತದಲ್ಲಿರುವ ಇಂಗಾಲದ ವಿಷಾನಿಲ ಕಡಿಮೆಯಾಗುತ್ತದೆ.

ಹೊಲದವರಿಗೆ ಕೇಳುವ ಪ್ರಶ್ನೆ ಅವರಿಗೆ ಇನ್ನೂ ವಿಚಿತ್ರ ಎನಿಸುತ್ತದೆ: "ಔಷಧ ಹೊಡದ್ರೇನ್ರಿ ಇತ್ತಿತ್ಲಾಗ?" ಹರ್ನಿಯಾಕ್ಕೂ ಗದ್ದೆಗೆ ಹೊಡೆದ ಔಷಧಕ್ಕೂ ಏನು ಸಂಬಂಧ? ಸಂಬಂಧ ಇದೆ. ಸ್ನಾಯು ಸಡಿಲಿಸಲು ನಾವು ಬಳಸುವ ಸಕ್ಸಿನೈಲ್‌ಕೋಲಿನ್ ಎಂಬ ಮದ್ದನ್ನು ರಕ್ತದಲ್ಲಿರುವ ಒಂದು ಕಿಣ್ವ ಐದು-ಹತ್ತು ನಿಮಿಷದಲ್ಲಿ ಒಡೆದುಹಾಕುತ್ತದೆ. ಕ್ಲೋರ್‌ಪೈರಿಫಾಸ್, ಮೋನೋಕ್ರೋಟೋಫಾಸ್ ಜಾತಿಯ ಕೀಟನಾಶಕಗಳು ಅದೇ ಕಿಣ್ವವನ್ನು ಕಟ್ಟಿಹಾಕುತ್ತವೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಮುಖಕ್ಕೆ ಟವೆಲ್ ಮಾತ್ರ ಸುತ್ತಿಕೊಂಡು ವಾರಗಟ್ಟಲೆ ಸಿಂಪಡಿಸಿದವನಿಗೆ ಆ ಮದ್ದು ಗಂಟೆಗಟ್ಟಲೆ ಇಳಿಯದೆ ಇರಬಹುದು. ಮನುಷ್ಯನಿಗೆ ಎಚ್ಚರವಾಗುತ್ತದೆ, ಉಸಿರೆಳೆಯಲು ಬಲ ಇರುವುದಿಲ್ಲ. ಕೆಲವರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ಕಡಿಮೆ. ದಕ್ಷಿಣ ಭಾರತದ ವೈಶ್ಯ ಸಮುದಾಯದ ಕೆಲವು ಕುಟುಂಬಗಳಲ್ಲಿ ಇದನ್ನು ವೈದ್ಯರು ದಾಖಲಿಸಿದ್ದಾರೆ. ನಿಮ್ಮ ಅಣ್ಣತಮ್ಮಂದಿರಲ್ಲಿ, ಸೋದರಮಾವಂದಿರಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಎಚ್ಚರವಾಗಲು, ಉಸಿರಾಡಲು ತಡವಾಗಿತ್ತೇ ಎಂದು ನಾವು ಕೇಳಿದರೆ ಅದು ಹರಟೆ ಅಲ್ಲ.

ಗುಳಿಗೆಗಳ ವಿಷಯಕ್ಕೆ ಬರುತ್ತೇನೆ. "ಬಿಪಿ ಗುಳಿಗಿ ತಗೋತೇನ್ರಿ, ಬಿಳೇದು, ಸಣ್ಣದು" ಎಂದರೆ ನನಗೇನೂ ತಿಳಿಯುವುದಿಲ್ಲ. ಪೇಟೆಯಲ್ಲಿ ಎಲ್ಲವೂ ಬಿಳಿ, ಎಲ್ಲವೂ ಸಣ್ಣ. ಗುಳಿಗೆಯ ಸ್ಟ್ರಿಪ್ಪನ್ನೇ ತನ್ನಿ, ಖಾಲಿಯಾದದ್ದಾದರೂ ಸರಿ. ಯಾಕೆಂದರೆ ಒಂದೊಂದಕ್ಕೆ ಒಂದೊಂದು ನಿಯಮ. ಬಿಪಿಯದ್ದರಲ್ಲೇ ಕೆಲವು ಅವತ್ತಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಬೇಕಾದವು, ಕೆಲವು ಹಿಂದಿನ ದಿನವೇ ನಿಲ್ಲಿಸಬೇಕಾದವು. ಥೈರಾಯ್ಡಿನದು, ಫಿಟ್ಸಿನದು, ದಮ್ಮಿನ ಪಂಪು ಬಿಡಬಾರದು. ರಕ್ತ ತೆಳು ಮಾಡುವ ಕ್ಲೋಪಿಡೋಗ್ರೆಲ್ ನಿಲ್ಲಿಸಲು ಐದಾರು ದಿನ ಬೇಕು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ತಾವೇ ನಿಲ್ಲಿಸಿದರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಶುಗರಿನ ಡಾಪಾಗ್ಲಿಫ್ಲೋಜಿನ್ 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಅಗ್ಗವಾಗಿ ಹಳ್ಳಿಹಳ್ಳಿಗೂ ತಲುಪಿದೆ. ಅದನ್ನು ಮೂರು ದಿನ ಮೊದಲು ನಿಲ್ಲಿಸಬೇಕು. ನಿಲ್ಲಿಸದೆ ಉಪವಾಸ ಕೂತರೆ ಸಕ್ಕರೆಯ ಅಂಕಿ ಸರಿಯಾಗೇ ಕಾಣಿಸುತ್ತ, ರಕ್ತ ಮಾತ್ರ ಆಮ್ಲವಾಗುತ್ತ ಹೋಗಬಹುದು. ಇದರಲ್ಲಿ ಯಾವುದನ್ನೂ ನನ್ನ ಈ ಮಾತು ಕೇಳಿ ನೀವೇ ನಿಲ್ಲಿಸಬೇಡಿ. ಕೇಳಲು ಒಂದು ವಾರ ಮೊದಲು ಬನ್ನಿ, ಅಷ್ಟೇ. ನಾಟಿ ಔಷಧ, ಭಸ್ಮ, ಕಷಾಯ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ನಾವು ಬೈಯುವುದಿಲ್ಲ.

ಇನ್ನು ಚಹಾ. ಇದರ ಬಗ್ಗೆ ಒಂದು ಗಂಟೆ ಮಾತಾಡಬಲ್ಲೆ. ಬೆಳಿಗ್ಗೆ ಎಂಟಕ್ಕೆ ಆಪರೇಷನ್, "ಏನೂ ತಿಂದಿಲ್ಲಲ್ರೀ?" ಎಂದರೆ, "ಇಲ್ರಿ ಬಾಯಾರ, ಬರೇ ಚಾ ಕುಡದೇನ್ರಿ." ನಮ್ಮ ಕಡೆ ಚಹಾ ಎಂದರೆ ಹಾಲು, ಹಾಲು ಹೊಟ್ಟೆಗೆ ಹೋದರೆ ಗಟ್ಟಿ ಆಹಾರವೇ. ಅದರ ಜೊತೆ ಅದ್ದಿಕೊಂಡು ತಿಂದ ಖಾರಿ, ಟೋಸ್ಟು ಯಾರ ಲೆಕ್ಕದಲ್ಲೂ ಇಲ್ಲ. ಎಚ್ಚರ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಪುಪ್ಪುಸಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ನ್ಯೂಯಾರ್ಕಿನ ಹೆರಿಗೆ ವೈದ್ಯ ಮೆಂಡೆಲ್ಸನ್ 1946ರಲ್ಲಿ ವಿವರಿಸಿದರು. ಅವರ ಹೆಸರನ್ನೇ ಆ ಕಾಯಿಲೆಗೆ ಇಟ್ಟಿದ್ದಾರೆ. ಆದ್ದರಿಂದ ಚಹಾ, ಹಾಲು, ಇಡ್ಲಿ ಆರು ಗಂಟೆ ಮೊದಲು ಮುಗಿಯಬೇಕು. ಕರಿದದ್ದು, ಮಾಂಸ ಆದರೆ ಎಂಟು ಗಂಟೆ. ಎದೆಹಾಲು ಕುಡಿಯುವ ಕೂಸಿಗೆ ನಾಲ್ಕು.

ನೀರು ಮಾತ್ರ ಬೇರೆ. ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು. ಇದನ್ನು ಜನ ನಂಬುವುದಿಲ್ಲ, ಕೆಲವು ವಾರ್ಡುಗಳಲ್ಲೂ ನಂಬುವುದಿಲ್ಲ. ರಾತ್ರಿ ಹತ್ತಕ್ಕೆ ಗುಟುಕು ನೀರೂ ನಿಲ್ಲಿಸಿ, ಮರುದಿನ ಮಧ್ಯಾಹ್ನ ಒಂದಕ್ಕೆ ಒಣಗಿದ ನಾಲಿಗೆಯಲ್ಲಿ ಬರುವ ಅಜ್ಜಂದಿರನ್ನು ನೋಡಿದರೆ ಸಂಕಟವಾಗುತ್ತದೆ. ಏಕಾದಶಿ ಮಾಡುವ ಅಭ್ಯಾಸ ಇರುವವರಿಗೆ ಇದು ವ್ರತದಂತೆ ಕಾಣುತ್ತದೋ ಏನೋ. ಒಣಗಿದ ಮೈಗೆ ಅರವಳಿಕೆ ಕೊಟ್ಟರೆ ಬಿಪಿ ಇನ್ನಷ್ಟು ಬೀಳುತ್ತದೆ. ನರ ಸಿಗುವುದಿಲ್ಲ, ನಾಲ್ಕು ಕಡೆ ಚುಚ್ಚಬೇಕಾಗುತ್ತದೆ. ಶುಗರ್ ಇದ್ದವರನ್ನು, ಮಕ್ಕಳನ್ನು ಬೆಳಗಿನ ಮೊದಲ ಆಪರೇಷನ್ನಿಗೇ ಹಾಕಿ ಎಂದು ಸರ್ಜನ್ನರನ್ನು ನೀವೂ ಕೇಳಬಹುದು, ನಾವೂ ಕೇಳುತ್ತೇವೆ.

ಹಾಗಾದರೆ ಆ ಪ್ಲಾಸ್ಟಿಕ್ ಚೀಲದ ರಿಪೋರ್ಟುಗಳು? ಕೆಲವರಿಗೆ ಬೇಕು, ಎಲ್ಲರಿಗೂ ಎಲ್ಲವೂ ಬೇಡ. ಅಮೆರಿಕ, ಕೆನಡಾಗಳಲ್ಲಿ ಸುಮಾರು 19 ಸಾವಿರ ಕಣ್ಣಿನ ಪೊರೆ ಶಸ್ತ್ರಕ್ರಿಯೆಗಳನ್ನು ಹಿಡಿದು, ಅರ್ಧಕ್ಕೆ ಎಲ್ಲ ಪರೀಕ್ಷೆ ಮಾಡಿಸಿ, ಇನ್ನರ್ಧಕ್ಕೆ ಮಾಡಿಸದೆ ಹೋಲಿಸಿದರು. ತೊಂದರೆಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2000ದಲ್ಲಿ ಪ್ರಕಟವಾಯಿತು. ಅದು ಹನಿಮದ್ದಿನಲ್ಲೋ ಸ್ಥಳೀಯ ಇಂಜೆಕ್ಷನ್ನಿನಲ್ಲೋ ಆಗುವ ಕೆಲಸ, ಹರ್ನಿಯಾಕ್ಕೆ ಹಾಗೇ ಹೊಂದಿಸಲು ಬರುವುದಿಲ್ಲ, ಒಪ್ಪುತ್ತೇನೆ. ಆದರೂ ಗಟ್ಟಿಮುಟ್ಟಾದ ಇಪ್ಪತ್ತರ ಹುಡುಗನ ಕೂಲಿಯ ದುಡ್ಡು ಲ್ಯಾಬಿನಲ್ಲಿ ಹೋಗಿ, ಅವನ ಬಾಯನ್ನು ಯಾರೂ ತೆರೆಸಿ ನೋಡದೆ ಇರುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಯ ಪ್ರಶ್ನೆಗಳು ಮನೆಯವು. 1909ರಲ್ಲಿ ಗ್ಲಾಸ್ಗೋದ ಜೇಮ್ಸ್ ನಿಕೋಲ್ ಎಂಬ ಸರ್ಜನ್ 8,988 ಮಕ್ಕಳಿಗೆ ಆಪರೇಷನ್ ಮಾಡಿ ಅದೇ ದಿನ ತಾಯಿಯ ಕೈಗೆ ಕೊಟ್ಟು ಕಳಿಸಿದ್ದನ್ನು ವರದಿ ಮಾಡಿದರು. ಮಕ್ಕಳು ತಾಯಿಯ ಹತ್ತಿರವೇ ಚೆನ್ನಾಗಿರುತ್ತಾರೆ ಎಂಬುದು ಅವರ ವಾದ. ಆದರೆ ಕಳಿಸಿ ಸುಮ್ಮನಾಗಲಿಲ್ಲ. ಮನೆಗೆ ನರ್ಸುಗಳು ಹೋಗಿ ನೋಡಿಬರುತ್ತಿದ್ದರು. ಮನೆಯ ಸ್ಥಿತಿ ಸರಿ ಇದ್ದರೆ ಮಾತ್ರ ಈ ಪದ್ಧತಿ ಎಂದು ಅವರು ಆಗಲೇ ಹೇಳಿದ್ದರು. ನಾವು ಪದ್ಧತಿಯ ಮೊದಲರ್ಧವನ್ನು ಕಲಿತೆವು, ಎರಡನೆಯದನ್ನು ಮರೆತೆವು. ಆಶಾ ಕಾರ್ಯಕರ್ತೆಯ ಫೋನಿಗೆ ಡಿಸ್‌ಚಾರ್ಜ್ ಆದವರ ಹೆಸರು ಅದೇ ಸಂಜೆ ಹೋದರೆ ಇದು ನಮ್ಮಲ್ಲೂ ಆಗದ ಕೆಲಸವಲ್ಲ.

ಮಚ್ಛೆಯವರಿಗೆ ತೊಂದರೆ ಕಡಿಮೆ. ರಾತ್ರಿ ರಕ್ತ ಬಂದರೆ ರಿಕ್ಷಾ ಹತ್ತಿ ನೆಹರೂನಗರದ ಕೆಎಲ್ಇ ಆಸ್ಪತ್ರೆಯನ್ನೋ ಬಿಮ್ಸ್ ಜಿಲ್ಲಾಸ್ಪತ್ರೆಯನ್ನೋ ಬೇಗ ಮುಟ್ಟಬಹುದು. ಅದೇ ರಸ್ತೆಯಲ್ಲಿ ಮುಂದೆ ಖಾನಾಪುರ, ಅಲ್ಲಿಂದಾಚೆ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯವರು, ಭೀಮಗಡ ಅಭಯಾರಣ್ಯದೊಳಗಿನ ಗವಾಳಿ, ಆಮಗಾಂವದವರು ಆಷಾಢದಲ್ಲಿ ಬಂದರೆ ನಾನು ಹೃದಯಕ್ಕಿಂತ ಮೊದಲು ರಸ್ತೆಯನ್ನು ಕೇಳುತ್ತೇನೆ. ಹಳ್ಳ ಬಂದಿದೆಯೇ? ಫೋನ್ ಸಿಗುತ್ತದೆಯೇ? ದೇಹ ಎಷ್ಟೇ ಗಟ್ಟಿ ಇದ್ದರೂ ಅಂಥವರನ್ನು ಸಂಜೆ ಕಳಿಸುವುದಿಲ್ಲ. ಒಂದು ರಾತ್ರಿ ವಾರ್ಡಿನಲ್ಲಿ ಇರಲಿ, ಇಲ್ಲವೇ ಊರ ಹತ್ತಿರದ ಬೀಗರ ಮನೆಯಲ್ಲಿ ಉಳಿಯಲಿ. ಹಾಗೆ ಹೇಳಿದಾಗ "ನನಗ ಫಿಟ್ ಇಲ್ಲ ಅಂದ್ರು" ಎಂದು ಊರಲ್ಲಿ ಹೇಳಿಕೊಳ್ಳುತ್ತಾರೆ. ಫಿಟ್ ಇಲ್ಲದ್ದು ಅವರಲ್ಲ, ಸೇತುವೆ.

ಮನೆಗೆ ಹೋದ ಮೇಲೂ 24 ಗಂಟೆ ಗಾಡಿ ಓಡಿಸುವಂತಿಲ್ಲ, ಯಂತ್ರ ಮುಟ್ಟುವಂತಿಲ್ಲ, ಹುಡುಗನಾಗಲಿ ಅಜ್ಜನಾಗಲಿ ಒಬ್ಬರೇ ಮಲಗುವಂತಿಲ್ಲ, ಸಾಲದ ಪತ್ರಕ್ಕೆ ಸಹಿ ಹಾಕುವಂತಿಲ್ಲ. ಎಚ್ಚರವಾಗಿದೆ ಎಂದು ಅನಿಸಿದರೂ ತಲೆ ಪೂರ್ತಿ ತಿಳಿಯಾಗಿರುವುದಿಲ್ಲ. ರಾತ್ರಿ ಪಾಳಿಗೆ ಹೋಗಿಬಿಡುತ್ತೇನೆ ಎನ್ನುವವರಿಗೆ ಸರ್ಟಿಫಿಕೇಟು ಬರೆದುಕೊಡುತ್ತೇವೆ, ಇಎಸ್ಐ ಕಾರ್ಡು ಇದ್ದರೆ ರಜೆಗೆ ಅದು ಉಪಯೋಗಕ್ಕೆ ಬರುತ್ತದೆ.

ಹೀಗೆಲ್ಲ ಕೇಳಿ, ಒಮ್ಮೊಮ್ಮೆ ಆಪರೇಷನ್ ಮುಂದೂಡುತ್ತೇವೆ. ಬಿಪಿ 180ರ ಮೇಲಿದ್ದರೆ, ಮಗುವಿಗೆ ಕೆಮ್ಮು ಜ್ವರ ಇದ್ದರೆ, ಚಹಾ ಕುಡಿದಿದ್ದರೆ. ಬೇಸರವಾಗುತ್ತದೆ, ಒಂದು ದಿನದ ಪಗಾರ ಹೋಗಿದೆ, ಜೊತೆಗೆ ಬಂದ ತಮ್ಮನದೂ ಹೋಗಿದೆ. ಅದಕ್ಕಾಗಿಯೇ ಈ ತಪಾಸಣೆಯನ್ನು ಆಪರೇಷನ್ ದಿನದ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ ಎನ್ನುವುದು. ಒಂದು ವಾರ ಮೊದಲು, ನಿಮ್ಮ ರಜೆಯ ದಿನ ಬನ್ನಿ. ಗುಳಿಗೆಯ ಸ್ಟ್ರಿಪ್ಪು, ಹಳೆಯ ಆಪರೇಷನ್ನಿನ ಕಾಗದ ಇದ್ದರೆ ತನ್ನಿ. ಆಪರೇಷನ್ನಿಗೆ ಹಸಿರು ಬಳೆ ತೆಗೆಯಬೇಕೇ ಎಂಬ ಚಿಂತೆ ಮುತ್ತೈದೆಯರಿಗೆ ಬೇಡ, ಮಾತಾಡಿ ಒಂದು ದಾರಿ ಹುಡುಕೋಣ. ಮತ್ತು ಆ ರಾತ್ರಿ ನಿಮ್ಮ ಪಕ್ಕದಲ್ಲಿ ಮಲಗುವವರನ್ನು ಜೊತೆಗೆ ಕರೆದುಕೊಂಡು ಬನ್ನಿ. ನೀವು ಗೊರಕೆ ಹೊಡೆಯುತ್ತೀರೋ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೋ, ದಿನಕ್ಕೆ ಎಷ್ಟು ಪುಡಿಕೆ ಹರಿಯುತ್ತೀರೋ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅರ್ಧ ಪ್ರಶ್ನೆಗಳನ್ನು ನಾನು ಕೇಳುವುದು ಅವರನ್ನೇ.